ರಾಯಚೂರಿನ ಬಿಸಿಲು, ಬೀದರಿನ ಚಳಿ: ಕರ್ನಾಟಕದ ತಾಪಮಾನ ದಾಖಲೆಗಳು

ಕರ್ನಾಟಕದ ತಾಪಮಾನದ ಮಾತು ಬಂದಾಗ ಸಾಮಾನ್ಯವಾಗಿ ಎರಡು ಅಂಕಿಗಳ ಉಲ್ಲೇಖವಾಗುತ್ತದೆ. 1928ರ ಮೇ 23ರಂದು ರಾಯಚೂರಿನಲ್ಲಿ 45.6 ಡಿಗ್ರಿ ಸೆಲ್ಸಿಯಸ್ ಗರಿಷ್ಠ. 1918ರ ಡಿಸೆಂಬರ್ 16ರಂದು ಬೀದರಿನಲ್ಲಿ 2.8 ಡಿಗ್ರಿ ಕನಿಷ್ಠ. ಆಗ ಎರಡೂ ಊರುಗಳು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಕಡು ಬಿಸಿಲಿನ ದಾಖಲೆಯೂ ಕಡು ಚಳಿಯ ದಾಖಲೆಯೂ ಇಂದಿನ ಕಲ್ಯಾಣ ಕರ್ನಾಟಕದ ಪಾಲಿಗೇ ಬಂದಿವೆ.

ಚಳಿಯೆಂದರೆ ಮಡಿಕೇರಿ ಎಂದುಕೊಂಡವರಿಗೆ ಬೀದರಿನ ಹೆಸರು ಅಚ್ಚರಿ ತರಬಹುದು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ, ಬೀದರ್ ಸುಮಾರು 660 ಮೀಟರ್. ಆದರೆ ಮಲೆನಾಡಿನ ಗಾಳಿಯಲ್ಲಿ ತೇವವಿರುತ್ತದೆ. ಆ ತೇವ ಮತ್ತು ಮೋಡ ಹಗಲಿನ ಕಾವನ್ನು ಹೊದಿಕೆಯಂತೆ ಹಿಡಿದಿಡುತ್ತವೆ. ಬೀದರಿನ ಬಯಲಿನಲ್ಲಿ ಡಿಸೆಂಬರ್ ರಾತ್ರಿಗಳು ನಿರ್ಮಲ, ಗಾಳಿ ಒಣದು; ಉತ್ತರದ ಶೀತಗಾಳಿಗೂ ಅಡ್ಡಿಯಿಲ್ಲ. ನೆಲದ ಕಾವೆಲ್ಲ ರಾತ್ರಿ ಆಕಾಶಕ್ಕೆ ಹೋಗಿಬಿಡುತ್ತದೆ. ಅದೇ ಒಣ ಗಾಳಿ ಮೇ ತಿಂಗಳಲ್ಲಿ ರಾಯಚೂರನ್ನು ಕಾಯಿಸುತ್ತದೆ. ಕಡಲ ತೀರದ ಮಂಗಳೂರಿನಲ್ಲಿ ಬೆವರು ಹೆಚ್ಚು, ಡಿಗ್ರಿ ಕಡಿಮೆ.

ಮಾಪಕ ಬರುವ ಮೊದಲು ಜನ ಕಾಲವನ್ನು ಹಬ್ಬ ಮತ್ತು ನಕ್ಷತ್ರಗಳಿಂದ ಅಳೆಯುತ್ತಿದ್ದರು. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೊರಟುಹೋಗುತ್ತದೆ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಬಳ್ಳಾರಿಯಲ್ಲಿ ಇರುವುದು ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಎರಡೇ ಕಾಲ ಎನ್ನುವ ಮಾತೂ ಹಾಗೆಯೇ. ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರಿಗೆ ಈ ಬಿಸಿಲು ತಡೆಯಲಾಗಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅವರ ಆರೋಗ್ಯಧಾಮವನ್ನು ಸಂಡೂರಿನ ರಾಮನದುರ್ಗದ ಮೇಲೆ ಕಟ್ಟಲಾಯಿತು. ಬೆಟ್ಟದ ಎತ್ತರ ಸುಮಾರು 1,000 ಮೀಟರ್. ಪ್ರತಿ ಸಾವಿರ ಮೀಟರ್ ಏರಿದಂತೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುವುದರಿಂದ, ಬಯಲಿನವರಿಗೆ ಆ ಬೆಟ್ಟವೇ ಔಷಧಿಯಾಗಿತ್ತು.

ವ್ಯವಸ್ಥಿತ ಅಳತೆ ದಕ್ಷಿಣ ಭಾರತದಲ್ಲಿ ಮದರಾಸಿನ ವೀಕ್ಷಣಾಲಯದಿಂದ, ಹದಿನೆಂಟನೇ ಶತಮಾನದ ಕೊನೆಯ ದಶಕದಲ್ಲಿ ಆರಂಭವಾಯಿತು. ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಬೆಂಗಳೂರಿನ ಅತಿ ಕಡಿಮೆ ತಾಪಮಾನವಾದ 7.8 ಡಿಗ್ರಿ 1884ರ ಜನವರಿ 13ರದು. ಅನಂತರ 1890ರ ದಶಕದಲ್ಲಿ, ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರ ಮುತುವರ್ಜಿಯಿಂದ ಮೈಸೂರು ಸಂಸ್ಥಾನ ತನ್ನದೇ ಹವಾಮಾನ ವ್ಯವಸ್ಥೆಯನ್ನು ಕಟ್ಟಿಕೊಂಡಿತು. ಬೆಂಗಳೂರಿನ ಜೊತೆಗೆ ಮೈಸೂರು, ಹಾಸನ, ಚಿತ್ರದುರ್ಗಗಳಲ್ಲೂ ಅಳತೆ ನಡೆಯಿತು. ಉಳಿದ ಕನ್ನಡ ಸೀಮೆ ಮುಂಬೈ, ಹೈದರಾಬಾದ್, ಮದರಾಸು, ಕೊಡಗು ಎಂದು ಹಂಚಿಹೋಗಿತ್ತು. ಬಳ್ಳಾರಿ, ಹೊಸಪೇಟೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಇಂದು ಕರ್ನಾಟಕದ ದಾಖಲೆ ಎನ್ನುವುದು ಐದು ಆಡಳಿತಗಳ ಕಡತಗಳನ್ನು ಒಟ್ಟು ಸೇರಿಸಿ ಹೊಲಿದದ್ದು.

ಅಳತೆಯ ಸಾಧನ ಸರಳ. ನಾಲ್ಕು ಕಾಲುಗಳ ಮೇಲೆ ಎದೆಯೆತ್ತರಕ್ಕೆ ನಿಂತ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ. ಅದೇ ಸ್ಟೀವನ್‌ಸನ್ ಪೆಟ್ಟಿಗೆ. ಗೋಡೆಗಳಿಗೆ ಓರೆಯಾದ ಪಟ್ಟಿಗಳಿರುತ್ತವೆ, ಗಾಳಿ ಆಡುತ್ತದೆ, ಬಿಸಿಲು ಒಳಬರುವುದಿಲ್ಲ. ನಮ್ಮಲ್ಲಿ ಬಾಗಿಲು ಉತ್ತರಕ್ಕೆ. ಒಳಗಿನ ಗರಿಷ್ಠ ತಾಪಮಾಪಕದ ಕತ್ತಿನಲ್ಲಿ, ಜ್ವರ ನೋಡುವ ಥರ್ಮಾಮೀಟರಿನಲ್ಲಿ ಇರುವಂತೆಯೇ, ಒಂದು ಕಿರಿದಾದ ಜಾಗವಿದೆ. ಏರಿದ ಪಾದರಸ ಅಲ್ಲಿಂದ ತಾನಾಗಿ ಕೆಳಗಿಳಿಯದು. ಓದಿಕೊಂಡ ಮೇಲೆ ಕೊಡವಬೇಕು. ಕನಿಷ್ಠ ತಾಪಮಾಪಕದಲ್ಲಿರುವುದು ಮದ್ಯಸಾರ. ಚಳಿ ಹೆಚ್ಚಿದಂತೆ ಅದು ಕುಗ್ಗುತ್ತಾ ಒಳಗಿನ ಪುಟ್ಟ ಕಡ್ಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಕಾವೇರಿದಾಗ ಮದ್ಯಸಾರ ಮುಂದೆ ಹರಿಯುತ್ತದೆ, ಕಡ್ಡಿ ನಿಂತಲ್ಲೇ ನಿಲ್ಲುತ್ತದೆ. ಬೆಳಗಿನ ಜಾವದ ಚಳಿಯನ್ನು ಬೆಳಗ್ಗೆ ಎಂಟೂವರೆಗೆ ಓದುವುದು ಹೀಗೆ.

ಹಳೆಯ ಓದುಗಳೆಲ್ಲ ಫ್ಯಾರನ್‌ಹೀಟಿನಲ್ಲಿದ್ದವು. ರಾಯಚೂರಿನ 45.6 ಎಂದರೆ 114 ಡಿಗ್ರಿ ಫ್ಯಾರನ್‌ಹೀಟ್, ಬೀದರಿನ 2.8 ಎಂದರೆ 37, ಬೆಂಗಳೂರಿನ 7.8 ಎಂದರೆ 46. ಮೂರೂ ಪೂರ್ಣಾಂಕಗಳು. ಸೆಲ್ಸಿಯಸ್ ಅಂಕಿಯ ದಶಾಂಶವನ್ನು ನೋಡಿ ಅಷ್ಟು ಸೂಕ್ಷ್ಮವಾಗಿ ಅಳೆದಿದ್ದರೆಂದು ತಿಳಿಯುವುದು ತಪ್ಪಾಗುತ್ತದೆ. ಹತ್ತನೇ ಒಂದು ಡಿಗ್ರಿಯ ಅಂತರದಲ್ಲಿ ಹಳೆಯ ದಾಖಲೆ ಮುರಿಯಿತೆಂದು ಸುದ್ದಿಯಾದಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ದಾಖಲೆಗಳನ್ನು ಮರುಪರೀಕ್ಷಿಸುವ ಪದ್ಧತಿ ಈಚೆಗೆ ಬಿಗಿಯಾಗಿದೆ. ಲಿಬಿಯಾದ ಅಜೀಜಿಯಾದಲ್ಲಿ 1922ರಲ್ಲಿ ಬರೆದಿಟ್ಟ 58 ಡಿಗ್ರಿ ತೊಂಬತ್ತು ವರ್ಷ ವಿಶ್ವದಾಖಲೆಯಾಗಿತ್ತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ತಳ್ಳಿಹಾಕಿತು. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ಪರಿಶೀಲಿಸಿದಾಗ ಸಂವೇದಕ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿದ್ದುದು ತಿಳಿಯಿತು. ಹಾಗಾಗಿ ದೇಶದ ದಾಖಲೆ ಈಗಲೂ ರಾಜಸ್ಥಾನದ ಫಲೋದಿಯದೇ: 2016ರ ಮೇ 19ರ 51 ಡಿಗ್ರಿ. ಅದೇ ವರ್ಷದ ಏಪ್ರಿಲ್ 24ರಂದು ಬೆಂಗಳೂರು 39.2 ಡಿಗ್ರಿ ಮುಟ್ಟಿ, 1931ರಿಂದ ಉಳಿದಿದ್ದ 38.9ರ ದಾಖಲೆಯನ್ನು ಅಳಿಸಿತು.

ಈಗ ಅಳತೆ ಹಳ್ಳಿಗಳತ್ತ ಬಂದಿದೆ. 1988ರ ಬರ ಉಸ್ತುವಾರಿ ಕೋಶದಿಂದ ಬೆಳೆದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ನಿಲ್ಲಿಸಿದೆ. ಇದು ಎಷ್ಟು ಅಗತ್ಯವೆಂಬುದು ಹೊಸಪೇಟೆಯ ಸುತ್ತ ಒಮ್ಮೆ ತಿರುಗಿದರೆ ಗೊತ್ತಾಗುತ್ತದೆ. ಕಂಪ್ಲಿಯಲ್ಲಿ ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳು, ಹಂಪಿಯಲ್ಲಿ ಹಗಲೆಲ್ಲ ಕಾವು ಕುಡಿದು ರಾತ್ರಿ ಉಗುಳುವ ಬಂಡೆಗಳು, ಸಂಡೂರಿನಲ್ಲಿ ಕಾಡುಬೆಟ್ಟ. ಬಳ್ಳಾರಿ ದಾರಿಯ ಪಾಪಿನಾಯಕನಹಳ್ಳಿಯಲ್ಲಿ ಒಣಗುಡ್ಡ ಮತ್ತು ಕೆಂಪು ಅದಿರಿನ ಧೂಳು. ಇವೆಲ್ಲಕ್ಕೂ ಸೇರಿಸಿ ಒಂದೇ ಅಂಕಿ ಹೇಳಿದರೆ ಅದು ಯಾವ ಊರಿನ ಬಿಸಿಲೂ ಆಗುವುದಿಲ್ಲ. ಬಯಲುಸೀಮೆಯಲ್ಲಿ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಮುಟ್ಟಿದರೆ ಮಾತ್ರ ಬಿಸಿಗಾಳಿ ಎಂದು ಪರಿಗಣಿಸುವ ಇಲಾಖೆಯ ಮಾನದಂಡಕ್ಕೂ ಹತ್ತಿರದ ಮಾಪಕವೇ ಆಧಾರ. ಅದಕ್ಕೆ ವಾಡಿಕೆಯ ತಾಪಮಾನವೂ ಗೊತ್ತಿರಬೇಕು, ಏಕೆಂದರೆ ಅದಕ್ಕಿಂತ ನಾಲ್ಕೂವರೆ ಡಿಗ್ರಿ ಮೇಲೇರಿರಬೇಕೆಂಬ ಇನ್ನೊಂದು ಷರತ್ತಿದೆ.

ವಾಡಿಕೆಯನ್ನು ಲೆಕ್ಕ ಹಾಕಲು 30 ವರ್ಷಗಳ ಓದು ಬೇಕು. ಹೋಬಳಿಯ ಕೇಂದ್ರಗಳಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಕೇಂದ್ರವನ್ನು ಸ್ಥಳಾಂತರಿಸಿದರೂ, ಪಕ್ಕದಲ್ಲಿ ಕಾಂಕ್ರೀಟ್ ಹಾಕಿದರೂ, ಮೇಲೆ ಮರದ ನೆರಳು ಬಿದ್ದರೂ ಹಿಂದಿನ ವರ್ಷಗಳ ಓದಿಗೂ ಮುಂದಿನದಕ್ಕೂ ಹೊಂದಿಕೆ ತಪ್ಪುತ್ತದೆ. ಊರಂಚಿನ ಆ ಮಾಪಕದ ಕಂಬವನ್ನು ಇದ್ದಲ್ಲೇ ಇರಲು ಬಿಡಬೇಕು.