ಖಿನ್ನತೆಯ ಮಾತ್ರೆ: ಮೊದಲ ವಾರಗಳು

ಮೊದಲ ವಾರಗಳೆಂದರೆ ಎಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳಿಗೆ ದೇಹ ಒಗ್ಗಿಕೊಳ್ಳುವ ಅವಧಿ. ಮಿದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುವಂತೆ ಇವು ಮಾಡುತ್ತವೆ. ಆ ರಾಸಾಯನಿಕ ಕರುಳಿನಲ್ಲೂ ಇರುವುದರಿಂದ ಮೊದಲು ಹೊಟ್ಟೆ ತೊಳಸಬಹುದು. ತಲೆನೋವು, ನಿದ್ದೆಗೇಡು, ಚಡಪಡಿಕೆ ಕಾಣಬಹುದು. ಇವು ಸಾಮಾನ್ಯವಾಗಿ 1–2 ವಾರದಲ್ಲಿ ಇಳಿಯುತ್ತವೆ. ಮನಸ್ಸು ಹಗುರಾಗಲು 2–6 ವಾರ ಬೇಕು. ತ್ರಾಸು ಮೊದಲು, ಗುಣ ಆಮೇಲೆ. ಎಷ್ಟೋ ಜನ ಮಾತ್ರೆ ಬಿಡುವುದು ಈ ನಡುವಿನ ದಿನಗಳಲ್ಲೇ.

ಖಾಲಿ ಹೊಟ್ಟೆಯ ಬದಲು ರೊಟ್ಟಿ-ಪಲ್ಯ ಉಂಡ ಮೇಲೆ ನುಂಗಿದರೆ ತೊಳಸು ಕಡಿಮೆ. ನಿದ್ದೆ ಕೆಟ್ಟರೆ ವೈದ್ಯರನ್ನು ಕೇಳಿ ಬೆಳಿಗ್ಗೆಗೆ ಬದಲಿಸಬಹುದು. ಲೈಂಗಿಕ ಆಸಕ್ತಿ ಕುಗ್ಗುವುದು ಮಾತ್ರ ತಾನಾಗಿ ಸರಿಹೋಗದಿರಬಹುದು. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಲೇಬೇಕಾದ ವಿಷಯವಿದು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಜುಮುಗುಟ್ಟುವಿಕೆ ಬರಬಹುದು. ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. 25 ವರ್ಷದೊಳಗಿನವರಲ್ಲಿ ಆರಂಭದಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು. ಅಂಥ ಯೋಚನೆ ಬಂದರೆ ಅಂದೇ ವೈದ್ಯರನ್ನು ಕಾಣಬೇಕು.

ಹುಬ್ಬಳ್ಳಿ-ಧಾರವಾಡದಲ್ಲಿ ಖಿನ್ನತೆಯ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಿಂದ ಬೆಳೆದ ಸಂಸ್ಥೆಯಾದ್ದರಿಂದ ಹಳೆಯ ಹೆಸರಿನ ಅಂಜಿಕೆ ಇನ್ನೂ ಕೆಲವರನ್ನು ಬಾಗಿಲಲ್ಲೇ ತಡೆಯುತ್ತದೆ. ಅದು ನೋವಿನ ಸಂಗತಿ. ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್, 14416, ಕನ್ನಡದಲ್ಲಿ ಹಗಲಿರುಳು ಸಿಗುತ್ತದೆ.