ತಂಬಾಕು ಪೊಟ್ಟಣದ ಚಿತ್ರ ಎಚ್ಚರಿಕೆ

ತಂಬಾಕು ಪೊಟ್ಟಣದ ಮೇಲೆ ಕಡ್ಡಾಯವಾಗಿ ಮುದ್ರಿಸಬೇಕಾದ ಆರೋಗ್ಯ ಎಚ್ಚರಿಕೆ. ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕುರಿತ 2003ರ ಕೋಟ್ಪಾ ಕಾಯ್ದೆ ಇದಕ್ಕೆ ಆಧಾರ. ಭಾರತದಲ್ಲಿ ಚಿತ್ರ ಎಚ್ಚರಿಕೆ ಜಾರಿಯಾದದ್ದು 2009ರ ಮೇ 31ರಂದು. ಆಗ ಮುಂಬದಿಯ 40% ಭಾಗಕ್ಕಷ್ಟೇ ಸೀಮಿತ. 2016ರ ಏಪ್ರಿಲ್‌ನಿಂದ ಎರಡೂ ಬದಿಯ 85% ಭಾಗವನ್ನು ಎಚ್ಚರಿಕೆ ಆವರಿಸಿತು: ಚಿತ್ರಕ್ಕೆ 60%, ಬರಹಕ್ಕೆ 25%. ಅಕ್ಷರ ಬಾರದವರಿಗೂ ಬಾಯಿ, ಗಂಟಲಿನ ಕ್ಯಾನ್ಸರ್ ಹುಣ್ಣು ಕಣ್ಣಿಗೆ ರಾಚುತ್ತದೆ. ಈ ಕ್ರಮದ ನಿಜವಾದ ಬಲ ಇದೇ. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ 85% ನಿಯಮವನ್ನು ರದ್ದುಪಡಿಸಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. 2018ರ ಸೆಪ್ಟೆಂಬರ್‌ನಿಂದ, ಚಟ ಬಿಡಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆಯೂ ಪೊಟ್ಟಣದ ಮೇಲಿದೆ. ಆದರೆ ಗೂಡಂಗಡಿಯಲ್ಲಿ ಒಂದೊಂದೇ ಸಿಗರೇಟು ಕೊಳ್ಳುವವರ ಕೈಗೆ ಪೊಟ್ಟಣವೇ ಬರುವುದಿಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಕಾಯ್ದೆ ಈ ಬಿಡಿ ಮಾರಾಟವನ್ನು ನಿಷೇಧಿಸಿ, ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು.