ಅಪ್ಪ, ಆಯುಧ ಪೂಜೆ ಮತ್ತು 'ನೋ ಡಿಸ್ಕ್': ಡಿಸ್ಕ್ ಪ್ಲೇಯರ್ ಯಾವಾಗ ಕ್ಲೀನ್ ಮಾಡಬೇಕು?

ನಿಮ್ಮನೆ ಅಟ್ಟದ ಮೇಲೆ ಹಳೇ ವಿಸಿಡಿ ಅಥವಾ ಡಿವಿಡಿ ಪ್ಲೇಯರ್ ಇದೆಯಾ? ಇದ್ದರೆ, ಅದನ್ನ ಇಳಿಸಿ ಒರೆಸೋಕೆ ಮುಂಚೆ ಇವತ್ತಿನ ಎಪಿಸೋಡ್ ಕೇಳಿಬಿಡಿ.

ನಮ್ಮನೆ ಕಥೆಯಿಂದ ಶುರು ಮಾಡ್ತೀನಿ. ಊರು ತಿಪಟೂರು, ನಾನಾಗ ನಾಲ್ಕನೇ ಕ್ಲಾಸು. ಆಯುಧ ಪೂಜೆ ದಿನ ಅಪ್ಪ ಸ್ಕೂಟರ್, ಮಿಕ್ಸಿ, ಅಮ್ಮನ ಹೊಲಿಗೆ ಮಷಿನ್ ಎಲ್ಲ ಒರೆಸಿ, ಕೊನೆಗೆ ವಿಸಿಡಿ ಪ್ಲೇಯರ್ ಮುಚ್ಚಳ ಬಿಚ್ಚಿದರು. ಹತ್ತಿಗೆ ಸ್ಪಿರಿಟ್ ಹಚ್ಚಿ, ಒಳಗಿದ್ದ ಪುಟ್ಟ ಲೆನ್ಸನ್ನ ಚೆನ್ನಾಗಿ ಉಜ್ಜಿದರು. ಆಮೇಲೆ ಕುಂಕುಮ ಇಟ್ಟು ಹೂ ಏರಿಸಿದ್ದೂ ಆಯ್ತು. ಸಂಜೆ ಚಿಕ್ಕಪ್ಪನ ಮದುವೆ ಡಿಸ್ಕ್ ಹಾಕಿದರೆ 'ನೋ ಡಿಸ್ಕ್'. ಹಿಂದಿನ ರಾತ್ರಿ ತನಕ ಆ ಪ್ಲೇಯರ್‌ಗೆ ಏನೂ ಆಗಿರಲಿಲ್ಲ! ರಿಪೇರಿ ಅಂಗಡಿಯವರು ನೋಡಿ, ಲೆನ್ಸ್ ಹೋಗಿದೆ ಅಂದರು.

ಹಾಗಾದರೆ ತಪ್ಪು ಅಪ್ಪನದ್ದಾ? ಪೂರ್ತಿ ಅಲ್ಲ. ಅವರು ಪಾಲಿಸಿದ ನಿಯಮ ಸರಿಯಾಗೇ ಇತ್ತು. ಆದರೆ ಅದು ಬೇರೆ ಮಷಿನ್‌ನ ನಿಯಮ.

ಅಪ್ಪನ ತಲೆಮಾರು ಬೆಳೆದದ್ದು ಟೇಪ್ ಕಾಲದಲ್ಲಿ. ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿದ್ದು 1963ರಲ್ಲಿ. ಅದರೊಳಗಿನ ಪ್ಲಾಸ್ಟಿಕ್ ಪಟ್ಟಿಗೆ ಐರನ್ ಆಕ್ಸೈಡ್ ಪುಡಿ ಬಳಿದಿರುತ್ತೆ. ಆ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ಡನ್ನ ಉಜ್ಜಿಕೊಂಡೇ ಓಡಬೇಕು. ಉಜ್ಜಿದ ಹಾಗೆ ಕಂದು ಪುಡಿ ಹೆಡ್ ಮೇಲೆ ಕೂರುತ್ತೆ, ಹಾಡು ಕಂಬಳಿ ಹೊದ್ದುಕೊಂಡ ಹಾಗೆ ಕೇಳುತ್ತೆ. 1976ರಲ್ಲಿ ಬಂದ ವಿಎಚ್ಎಸ್ ವಿಸಿಆರ್‌ನಲ್ಲೂ ಇದೇ ಕಥೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದರ ಹೆಡ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಟೇಪನ್ನ ಸವರುತ್ತೆ. ಹಾಗಾಗಿ ಆಗಾಗ 'ಹೆಡ್ ಕ್ಲೀನ್' ಮಾಡಲೇಬೇಕಿತ್ತು.

1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿ ಕಂಪನಿ ಸಿಡಿಪಿ-101 ಅನ್ನೋ ಸಿಡಿ ಪ್ಲೇಯರ್ ಮಾರಾಟಕ್ಕೆ ಇಟ್ಟಿತು. ಅಲ್ಲಿಂದ ಲೆಕ್ಕವೇ ಬದಲಾಯ್ತು. ಇಲ್ಲಿ ಯಾವುದೂ ಡಿಸ್ಕನ್ನ ಮುಟ್ಟಲ್ಲ, ಓದೋದು ಲೇಸರ್ ಬೆಳಕು. ಮಾಹಿತಿ ಇರೋದು 1.2 ಮಿಲಿಮೀಟರ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ಕಿನ ಆಚೆ. ಬೆಳಕಿನ ಫೋಕಸ್ ಅಲ್ಲಿ ಆಗುತ್ತೆ, ಈಚೆ ಮೇಲ್ಮೈ ಮೇಲಲ್ಲ. ಬಸ್ಸಿನ ಕಿಟಕಿಯಲ್ಲಿ ದೂರದ ಬೆಟ್ಟ ನೋಡುವಾಗ ಗಾಜಿನ ಮೇಲಿನ ಧೂಳು ಕಣ್ಣಿಗೆ ಬೀಳಲ್ಲ ಅಲ್ವಾ? ಹೆಚ್ಚುಕಮ್ಮಿ ಹಾಗೆ.

ಇದರ ಜೊತೆಗೆ ಒಂದು ಗಣಿತನೂ ಇದೆ. 1960ರಲ್ಲಿ ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಅನ್ನೋ ಇಬ್ಬರು, ಕಳೆದುಹೋದ ಮಾಹಿತಿಯನ್ನ ಉಳಿದದ್ದರಿಂದ ಲೆಕ್ಕ ಹಾಕಿ ತುಂಬೋ ವಿಧಾನ ಪ್ರಕಟಿಸಿದರು. ಅದನ್ನೇ ಬಳಸಿ, ಸಿಡಿಯಲ್ಲಿ ಟ್ರ್ಯಾಕ್ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಹಾಡನ್ನ ಪೂರ್ತಿ ವಾಪಸ್ ಪಡೆಯಬಹುದು. ಟೀ ಅಂಗಡಿಯಲ್ಲಿ ನೀವು ಸ್ಕ್ಯಾನ್ ಮಾಡೋ ಕ್ಯೂಆರ್ ಕೋಡ್ ಮೇಲೆ ಕಲೆ ಇದ್ದರೂ ದುಡ್ಡು ಹೋಗುತ್ತಲ್ಲ, ಅದೂ ಇದೇ ಗಣಿತ!

ಆದರೆ ನಮ್ಮನೆಗಳಿಗೆ ಹೆಚ್ಚಾಗಿ ಬಂದದ್ದು 1993ರಲ್ಲಿ ರೂಪುಗೊಂಡ ವಿಸಿಡಿ. ಒಂದೇ ಡಿಸ್ಕಿನಲ್ಲಿ ಸುಮಾರು 74 ನಿಮಿಷದ ವಿಡಿಯೊ ತುಂಬಬೇಕಿತ್ತು. ಅದಕ್ಕೆ ಕಂಪ್ಯೂಟರ್ ಸಿಡಿಗಳಲ್ಲಿ ಇರೋ ಇನ್ನೊಂದು ಪದರದ ತಪ್ಪು ತಿದ್ದುವಿಕೆಯನ್ನ ವಿಡಿಯೊ ಭಾಗದಲ್ಲಿ ಕೈಬಿಟ್ಟರು. ಹಾಗಾಗಿ ಸ್ವಲ್ಪ ಗೀರು ಬಿದ್ದರೂ ಹೀರೋ ಮುಖ ಚೌಕ ಚೌಕ. ತಕ್ಷಣ ನಮ್ಮವರ ಬಾಯಲ್ಲಿ ಬಂದ ಮಾತು ಅದೇ ಹಳೇದು: ಹೆಡ್ ಕ್ಲೀನ್ ಮಾಡ್ಬೇಕು.

ಆ 'ಹೆಡ್ಡು' ಟೇಪಿನ ಹೆಡ್ಡಿನ ಥರ ಗಟ್ಟಿ ಲೋಹ ಅಲ್ಲ. ಅದೊಂದು ಪುಟ್ಟ ಲೆನ್ಸು, ಕೂದಲಿನಂಥ ತಂತಿಗಳ ಮೇಲೆ ತೂಗಾಡುತ್ತಾ ಇರುತ್ತೆ. ಡಿಸ್ಕ್ ತಿರುಗುವಾಗ ಅದು ಮೇಲೆ ಕೆಳಗೆ, ಆಚೆ ಈಚೆ ಸರಿದು ಫೋಕಸ್ ಹಿಡೀಬೇಕು. ಒತ್ತಿ ಉಜ್ಜಿದರೆ ತಂತಿ ಸೊಟ್ಟಗಾಗುತ್ತೆ. ಅಪ್ಪನ ಕೈಯಲ್ಲಿ ಆಗಿದ್ದು ಇದೇ ಇರಬೇಕು.

ಹಾಗಂತ ಕ್ಲೀನ್ ಮಾಡಲೇಬಾರದು ಅಂತಲ್ಲ. ಒಗ್ಗರಣೆ ಹೊಗೆ, ಊದುಬತ್ತಿ ಹೊಗೆ ವರ್ಷಗಟ್ಟಲೆ ಒಳಗೆ ಹೋಗಿ ಲೆನ್ಸ್ ಮೇಲೆ ಜಿಡ್ಡು ಕೂರಬಹುದು. ಬಿ.ಕಾಂನಲ್ಲಿ ನಮಗೆ ಎರಡು ಥರದ ಮೇಂಟೆನೆನ್ಸ್ ಹೇಳಿಕೊಟ್ಟಿದ್ದರು: ಕೆಡೋ ಮೊದಲೇ ಮಾಡೋದು, ಕೆಟ್ಟ ಮೇಲೆ ಮಾಡೋದು. ಟೇಪ್ ಮೊದಲನೇ ಜಾತಿ, ಡಿಸ್ಕ್ ಪ್ಲೇಯರ್ ಎರಡನೇದು. ಚೆನ್ನಾಗಿ ಓಡ್ತಿದ್ದರೆ ಮುಟ್ಟಬೇಡಿ.

ತೊಂದರೆ ಕೊಟ್ಟರೆ ಮೊದಲು ಬೇರೆ ಮೂರು ನಾಲ್ಕು ಡಿಸ್ಕ್ ಹಾಕಿ ನೋಡಿ. ಒಂದೇ ಡಿಸ್ಕ್ ಓಡ್ತಿಲ್ಲ ಅಂದರೆ ಪ್ಲೇಯರ್‌ದು ತಪ್ಪಲ್ಲ. ಯಾವುದೂ ಓಡ್ತಿಲ್ಲ ಅಂದರೆ ಮಾತ್ರ ಲೆನ್ಸ್ ಕಡೆ ಹೋಗಿ. ಪ್ಲಗ್ ತೆಗೆದು, ಕ್ಯಾಮೆರಾಗೆ ಬಳಸೋ ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ. ಆಗಲಿಲ್ಲವಾ? ಇಯರ್ ಬಡ್‌ಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್, ಮಗು ಕಣ್ರೆಪ್ಪೆ ಮುಟ್ಟಿದಷ್ಟು ಹಗುರವಾಗಿ. ಆಗಲೂ ಓದಲಿಲ್ಲ ಅಂದರೆ ಲೇಸರ್ರೇ ಸೊರಗಿರಬಹುದು, ಉಜ್ಜಿ ಪ್ರಯೋಜನ ಇಲ್ಲ.

ಕಳೆದ ದಸರಾಗೆ ಆ ಮದುವೆ ಡಿಸ್ಕ್ ಬೀರುವಿನಲ್ಲಿ ಸಿಕ್ತು. ತುಮಕೂರಿನ ಅತ್ತೆ ಮನೆಯಲ್ಲಿ ಹಳೇ ಪ್ಲೇಯರ್ ಇತ್ತು. ಹಾಕಿದೆ. ಮತ್ತೆ 'ನೋ ಡಿಸ್ಕ್'. ಅತ್ತೆ ಆಗಲೇ ಹತ್ತಿ ತಂದಿದ್ದರು! "ಇರಿ ಅತ್ತೆ" ಅಂದು ಒಂದು ಸಿನಿಮಾ ಡಿಸ್ಕ್ ಹಾಕಿದೆ. ಓಡ್ತು. ಅಂದರೆ ತಪ್ಪು ನಮ್ಮ ಡಿಸ್ಕ್‌ದು. ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಸುತ್ತಲೂ ಒರೆಸಿದರೆ ಗೀರು ಟ್ರ್ಯಾಕ್ ಉದ್ದಕ್ಕೇ ಬೀಳುತ್ತೆ, ಆ 2.5 ಮಿಲಿಮೀಟರ್ ಲೆಕ್ಕ ದಾಟಿಹೋಗುತ್ತೆ.

ಎರಡು ಕಡೆ ತಡವರಿಸಿದರೂ ಓಡ್ತು. ಊಟದ ಪಂಕ್ತಿಯಲ್ಲಿ ಅಜ್ಜಿ ಬಂದರು. ಸುಮಾರು ಹತ್ತು ಸೆಕೆಂಡ್. ಯಾರಿಗೋ "ಇನ್ನೊಂದು ಹೋಳಿಗೆ ಹಾಕ್ಸ್ಕೊಳೋ" ಅಂತ ಗದರುತ್ತಿದ್ದಾರೆ. ಅಜ್ಜಿ ಈಗಿಲ್ಲ. ಅವರ ದನಿ ಇರೋದು ಆ ಒಂದೇ ಡಿಸ್ಕಿನಲ್ಲಿ.

ಅವತ್ತೇ ಲ್ಯಾಪ್‌ಟಾಪಿಗೆ ಕಾಪಿ ಮಾಡಿದೆ. ಯಾಕಂದ್ರೆ ಮದುವೆ ಸಿಡಿಗಳು ಸಾಮಾನ್ಯವಾಗಿ ಬರೆದ ಸಿಡಿಗಳು. ಅವುಗಳ ಬಣ್ಣದ ಪದರ ಕಾಲಕ್ರಮೇಣ ಮಾಸುತ್ತೆ, ಅದನ್ನ ಯಾವ ಕ್ಲೀನಿಂಗೂ ವಾಪಸ್ ತರಲ್ಲ. ನಿಮ್ಮನೆ ಡಿಸ್ಕ್ ಇವತ್ತು ಓಡ್ತಿದ್ದರೆ ಇವತ್ತೇ ಕಾಪಿ ಮಾಡಿ.

ಅಪ್ಪನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಬಿಡು, ಮುಂದಿನ ಸಲ ಬರೀ ಕುಂಕುಮ ಇಡ್ತೀನಿ" ಅಂದರು.

ಮುಂದಿನ ವಾರ ಸಿಗೋಣ. ನಮಸ್ಕಾರ.